ಬೆದರಿದ ಜಿಂಕೆ ಮತ್ತು ರಥದಲ್ಲಿರುವವರು: ವಾಯುಗುಣ ಬದಲಾವಣೆಯ ಮಿಥ್ಯಾವಾಸ್ತವ ಕೃತಿಗಳು

1

ಕನ್ನಡದ ಭೂಗೋಳ ಪಠ್ಯಗಳು ‘ಹವಾಮಾನ’ ಮತ್ತು ‘ವಾಯುಗುಣ’ ಎಂಬ ಎರಡು ಪದಗಳನ್ನು ಬಹುಕಾಲದಿಂದ ಬೇರೆಬೇರೆ ಅರ್ಥದಲ್ಲಿ ಬಳಸಿಕೊಂಡು ಬಂದಿವೆ. ಇಂದು ಬೆಳಗ್ಗೆ ಬಿದ್ದ ಮಳೆ, ನಿನ್ನೆಯ ಬಿಸಿಲು, ನಾಳೆ ಬೀಸಬಹುದಾದ ಗಾಳಿ ಇವೆಲ್ಲ ಹವಾಮಾನ. ಒಂದು ಪ್ರದೇಶದಲ್ಲಿ ಇಂತಹ ದಿನಗಳು ದೀರ್ಘಕಾಲ ನಡೆದುಬಂದ ಕ್ರಮದ ಸರಾಸರಿ ವಾಯುಗುಣ. ವಿಶ್ವ ಹವಾಮಾನ ಸಂಸ್ಥೆಯು ಈ ದೀರ್ಘಕಾಲವನ್ನು ವಾಡಿಕೆಯಲ್ಲಿ 30 ವರ್ಷವೆಂದು ಎಣಿಸುತ್ತದೆ. ಪತ್ರಿಕೆಗಳ ಭಾಷೆಯಲ್ಲಿ ‘ಹವಾಮಾನ ಬದಲಾವಣೆ’ ಎಂಬ ಮಾತು ರೂಢಿಗೆ ಬಂದ ಮೇಲೆ ಈ ವ್ಯತ್ಯಾಸ ಮಸುಕಾಗಿದೆ. ಇದು ಕೇವಲ ಪಾರಿಭಾಷಿಕ ಪದಗಳ ತಕರಾರಾಗಿದ್ದರೆ ಅಲ್ಲಿಗೇ ಬಿಡಬಹುದಿತ್ತು. ಆದರೆ ವಾಯುಗುಣ ಬದಲಾವಣೆಯನ್ನು ಕಲೆಯ ಮೂಲಕ ಜನರಿಗೆ ಮನಗಾಣಿಸಬೇಕೆಂದು ಹೊರಟವರೆಲ್ಲ ಎದುರಿಸುವ ತೊಡಕು ಈ ಎರಡು ಪದಗಳ ನಡುವಿನ ಅಂತರದಲ್ಲಿಯೇ ಇದೆ. ಹವಾಮಾನವನ್ನು ಮೈ ಅರಿಯುತ್ತದೆ. ವಾಯುಗುಣವನ್ನು ಮೈ ಅರಿಯಲಾರದು. ಅದು ಲೆಕ್ಕದಿಂದ ಮಾತ್ರ ತಿಳಿಯುವ ಸಂಗತಿ. 1850–1900ರ ಅವಧಿಗೆ ಹೋಲಿಸಿದರೆ 2011–2020ರ ದಶಕದಲ್ಲಿ ಭೂಮಿಯ ಮೇಲ್ಮೈ ಉಷ್ಣತೆ ಸರಾಸರಿ 1.1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತ್ತೆಂದು ವಿಶ್ವಸಂಸ್ಥೆಯ ವಾಯುಗುಣ ಸಮಿತಿಯಾದ ಐಪಿಸಿಸಿ 2021ರ ವರದಿಯಲ್ಲಿ ಹೇಳಿತು. ಬೆಳಗಿನಿಂದ ನಡುಹಗಲಿನೊಳಗೆ ಹತ್ತು ಡಿಗ್ರಿ ಏರುವ ಬಿಸಿಯನ್ನು ದಿನವೂ ಉಂಡು ಬದುಕುವ ಮನುಷ್ಯನಿಗೆ ಒಂದು ಡಿಗ್ರಿಯೆಂಬುದು ಅನುಭವಕ್ಕೆ ಬರುವ ಮಾತೇ ಅಲ್ಲ.

ಅನುಭವಕ್ಕೆ ಬಾರದ್ದನ್ನು ಅನುಭವಕ್ಕೆ ತರುತ್ತೇವೆ ಎಂಬ ವಾಗ್ದಾನದೊಂದಿಗೆ ಈ ಕ್ಷೇತ್ರವನ್ನು ಪ್ರವೇಶಿಸಿದ ಮಾಧ್ಯಮವೆಂದರೆ ವರ್ಚುವಲ್ ರಿಯಾಲಿಟಿ. 2015ರಿಂದೀಚೆಗೆ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳು, ಚಲನಚಿತ್ರೋತ್ಸವಗಳು, ಪರಿಸರ ಸಂಘಟನೆಗಳು, ದೂರದರ್ಶನದ ಸಾಕ್ಷ್ಯಚಿತ್ರ ವಿಭಾಗಗಳು ಈ ಮಾಧ್ಯಮದಲ್ಲಿ ಹಲವು ಕೃತಿಗಳನ್ನು ರೂಪಿಸಿವೆ. ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡವರು ಇವುಗಳಲ್ಲಿ ಕಡಲ ತಳಕ್ಕೆ ಇಳಿಯುತ್ತಾರೆ, ಹಿಮನದಿಯ ಎದುರು ನಿಲ್ಲುತ್ತಾರೆ, ಮರವಾಗಿ ಬೆಳೆಯುತ್ತಾರೆ, ಹವಳವಾಗಿ ಸಾಯುತ್ತಾರೆ. ಇವುಗಳ ಕುರಿತು ಈವರೆಗೆ ನಡೆದಿರುವ ಚರ್ಚೆ ಬಹುಮಟ್ಟಿಗೆ ಮನೋವಿಜ್ಞಾನದ್ದು: ನೋಡಿದವರ ಮನೋಭಾವ ಎಷ್ಟು ಬದಲಾಯಿತು, ಎಷ್ಟು ದಿನ ಉಳಿಯಿತು ಎಂಬ ಅಳತೆಯದು. ಕೃತಿಗಳನ್ನು ಕೃತಿಗಳನ್ನಾಗಿಯೇ ನೋಡುವ, ಅವು ನೋಡುಗರನ್ನು ಯಾವ ಸ್ಥಾನದಲ್ಲಿ ನಿಲ್ಲಿಸುತ್ತವೆ ಎಂದು ಕೇಳುವ ವಿಮರ್ಶೆ ವಿರಳ. ಈ ಪ್ರಶ್ನೆಗೆ ಭಾರತೀಯ ಕಾವ್ಯಮೀಮಾಂಸೆಯಲ್ಲಿ ಒದಗುವ ಕೆಲವು ಪರಿಕಲ್ಪನೆಗಳು ಸಾಕಷ್ಟು ಹರಿತವಾಗಿವೆ.

2

ವರ್ಚುವಲ್ ರಿಯಾಲಿಟಿಗೆ ಕನ್ನಡದಲ್ಲಿ ‘ಮಿಥ್ಯಾವಾಸ್ತವ’, ‘ಭಾಸವಾಸ್ತವ’ ಮೊದಲಾದ ಪದಗಳು ಚಲಾವಣೆಯಲ್ಲಿವೆ. ಮೊದಲನೆಯದು ತಿಳಿದೋ ತಿಳಿಯದೆಯೋ ಒಳ್ಳೆಯ ಆಯ್ಕೆ. ಅದ್ವೈತದ ಪರಿಭಾಷೆಯಲ್ಲಿ ಮಿಥ್ಯೆಯೆಂದರೆ ಸುಳ್ಳಲ್ಲ. ಸತ್ತೆಂದೂ ಅಸತ್ತೆಂದೂ ಹೇಳಲಾಗದ್ದು ಮಿಥ್ಯೆ. ಹಗ್ಗವೆಂದು ತಿಳಿಯುವ ತನಕ ಹಾವು ಹೆದರಿಸುತ್ತದೆ. ಆ ಹೆದರಿಕೆಯಂತೂ ನಿಜ. ಹೆಡ್‌ಸೆಟ್‌ನೊಳಗಿನ ಪ್ರಪಾತದ ಅಂಚಿನಲ್ಲಿ ನಿಂತವರ ಕಾಲು ನಡುಗುವುದೂ ಹೀಗೆಯೇ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಹಗ್ಗವೆಂದು ಮೊದಲೇ ತಿಳಿದಿದ್ದರೂ ಕಾಲು ನಡುಗುತ್ತದೆ.

ಯಂತ್ರದ ಇತಿಹಾಸ ಇಲ್ಲಿ ಹೆಚ್ಚು ಬೇಕಾಗಿಲ್ಲ. 1968ರಲ್ಲಿ ಐವಾನ್ ಸದರ್ಲೆಂಡ್ ರೂಪಿಸಿದ, ಚಾವಣಿಗೆ ತೂಗುಹಾಕಬೇಕಾಗಿದ್ದ ಸಾಧನದಿಂದ ಮೊದಲ್ಗೊಂಡು, 1980ರ ದಶಕದಲ್ಲಿ ಜರಾನ್ ಲಾನಿಯರ್ ಈ ಹೆಸರನ್ನು ಜನಪ್ರಿಯಗೊಳಿಸಿದ್ದು, 2014ರಲ್ಲಿ ಫೇಸ್‌ಬುಕ್ ಸಂಸ್ಥೆ ಆಕ್ಯುಲಸ್ ಕಂಪನಿಯನ್ನು ಕೊಂಡದ್ದು, 2015ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ರಟ್ಟಿನ ಅಗ್ಗದ ವೀಕ್ಷಕವನ್ನು ಹತ್ತು ಲಕ್ಷಕ್ಕೂ ಹೆಚ್ಚು ಚಂದಾದಾರರಿಗೆ ಹಂಚಿದ್ದು, ಇಷ್ಟನ್ನು ನೆನೆದರೆ ಸಾಕು. ಆದರೆ ಯಂತ್ರ ಅಗ್ಗವಾಗುವ ಎಷ್ಟೋ ಮೊದಲು ಈ ಮಾಧ್ಯಮದಲ್ಲಿ ನಿಸರ್ಗವನ್ನು ಕುರಿತು ರಚಿತವಾದ ಒಂದು ಕೃತಿಯನ್ನು ಮರೆಯುವಂತಿಲ್ಲ. ಅದು ಕೆನಡಾದ ಕಲಾವಿದೆ ಚಾರ್ ಡೇವಿಸ್ ಅವರ ‘ಆಸ್ಮೋಸ್’ (1995).

‘ಆಸ್ಮೋಸ್’ ಕೃತಿಯಲ್ಲಿ ನೋಡುಗರ ಕೈಗೆ ಯಾವ ಕೋಲನ್ನೂ ಗುಂಡಿಯನ್ನೂ ಕೊಟ್ಟಿರಲಿಲ್ಲ. ಎದೆಗೆ ಕಟ್ಟಿದ ಉಡುಪು ಉಸಿರನ್ನು ಅಳೆಯುತ್ತಿತ್ತು. ಉಸಿರು ಒಳಗೆಳೆದುಕೊಂಡರೆ ದೇಹ ಮೇಲೇರಿದಂತೆ, ಹೊರಬಿಟ್ಟರೆ ಕೆಳಗಿಳಿದಂತೆ, ಮೈ ಬಾಗಿಸಿದರೆ ದಿಕ್ಕು ಬದಲಾದಂತೆ ಆಗುತ್ತಿತ್ತು. ಕಡಲಲ್ಲಿ ಮುಳುಗುವ ತಮ್ಮ ಹವ್ಯಾಸದಿಂದ ಡೇವಿಸ್ ಈ ಉಪಾಯವನ್ನು ಪಡೆದಿದ್ದರು. ಒಂದು ಮರ, ಒಂದು ಕೊಳ, ಎಲೆಯ ಒಳಗು, ಮಣ್ಣಿನ ತಳ ಇವೆಲ್ಲ ಪಾರದರ್ಶಕವಾಗಿ ಒಂದರೊಳಗೊಂದು ಕರಗುತ್ತಿದ್ದವು. ಫೋಟೋದಂತಹ ಸ್ಪಷ್ಟತೆ ಎಲ್ಲಿಯೂ ಇರಲಿಲ್ಲ. ಮೂಲತಃ ಚಿತ್ರಕಾರ್ತಿಯಾದ ಡೇವಿಸ್ ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಇಲ್ಲಿ ನೋಡುಗರು ಮರವಾಗುವುದಿಲ್ಲ, ಮರದ ಬಳಿ ಉಸಿರಾಡುತ್ತಾರೆ. ಅವಸರಪಟ್ಟವರಿಗೆ ಈ ಲೋಕ ತೆರೆದುಕೊಳ್ಳದು, ಏಕೆಂದರೆ ಅವಸರದ ಉಸಿರು ಎಲ್ಲಿಗೂ ಒಯ್ಯುವುದಿಲ್ಲ. ವಾಯುಗುಣ ಬದಲಾವಣೆಯ ಮಾತನ್ನು ಈ ಕೃತಿ ಎಲ್ಲಿಯೂ ಎತ್ತುವುದಿಲ್ಲ. ಆದರೂ ಮನುಷ್ಯನ ಉಸಿರಿಗೂ ಸುತ್ತಲಿನ ಲೋಕಕ್ಕೂ ಇರುವ ನಂಟನ್ನೇ ಅದು ತನ್ನ ಆಕೃತಿಯನ್ನಾಗಿ ಮಾಡಿಕೊಂಡಿತು. ಇಪ್ಪತ್ತು ವರ್ಷಗಳ ತರುವಾಯ ಬಂದ, ತಂತ್ರದಲ್ಲಿ ಎಷ್ಟೋ ಮುಂದಿರುವ ಕೃತಿಗಳಲ್ಲಿ ಹೆಚ್ಚಿನವು ಈ ಸಂಯಮವನ್ನು ಕೈಬಿಟ್ಟು ಬೇರೆ ದಾರಿ ಹಿಡಿದವು.

3

ಆ ಬೇರೆ ದಾರಿಯ ಸಾಧನೆ ಮತ್ತು ಮಿತಿ ಎರಡನ್ನೂ ಒಟ್ಟಿಗೇ ತೋರುವ ಉದಾಹರಣೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ್ದು. ಜೆರೆಮಿ ಬೈಲೆನ್ಸನ್ 2003ರಲ್ಲಿ ಅಲ್ಲಿ ಸ್ಥಾಪಿಸಿದ ಪ್ರಯೋಗಾಲಯವು ಸಾಗರದ ಆಮ್ಲೀಕರಣವನ್ನು ಕುರಿತು ಒಂದು ಅನುಭವಕೃತಿಯನ್ನು ಸಿದ್ಧಪಡಿಸಿ 2016ರಲ್ಲಿ ಸಾರ್ವಜನಿಕರಿಗೆ ಉಚಿತವಾಗಿ ಬಿಡುಗಡೆ ಮಾಡಿತು. ವಸ್ತುವಿನ ಆಯ್ಕೆಯೇ ಮೆಚ್ಚತಕ್ಕದ್ದು. ಹಿಮಕರಡಿ, ಕರಗುವ ಮಂಜು, ಬಿರುಕುಬಿಟ್ಟ ಕೆರೆಯಂಗಳ ಇವು ವಾಯುಗುಣ ಬದಲಾವಣೆಯ ಸವೆದ ಚಿತ್ರಗಳು. ಸಾಗರದ ಆಮ್ಲೀಕರಣಕ್ಕೆ ಅಂತಹ ಸಿದ್ಧ ಚಿತ್ರವೇ ಇಲ್ಲ. ಮನುಷ್ಯನು ಹೊರಬಿಡುವ ಇಂಗಾಲದ ಡೈ ಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ನೀರಿನೊಡನೆ ಬೆರೆತು ಅದು ಕಾರ್ಬೊನಿಕ್ ಆಮ್ಲವಾಗುತ್ತದೆ. ಚಿಪ್ಪು ಕಟ್ಟುವ ಜೀವಿಗಳಿಗೆ ಬೇಕಾದ ಕಾರ್ಬೊನೇಟ್ ಇದರಿಂದ ಕಡಿಮೆಯಾಗುತ್ತದೆ. ಕೈಗಾರಿಕಾ ಯುಗದ ಆರಂಭದಿಂದ ಈಚೆಗೆ ಕಡಲಿನ ಮೇಲ್ಪದರದ ಪಿಎಚ್ ಮೌಲ್ಯ 8.2ರ ಸುಮಾರಿನಿಂದ 8.1ಕ್ಕೆ ಇಳಿದಿದೆ. ಇದು ಕೇಳುವವರಿಗೆ ಅತ್ಯಲ್ಪವೆನಿಸುತ್ತದೆ. ಆದರೆ ಈ ಮಾಪನ ಲಘುಗಣಕದ್ದಾದ್ದರಿಂದ ಆಮ್ಲೀಯತೆಯ ಹೆಚ್ಚಳ ಶೇ. 30ರ ಆಸುಪಾಸಿನದು. ಬಣ್ಣವಿಲ್ಲದ, ವಾಸನೆಯಿಲ್ಲದ, ಕಣ್ಣಿಗೆ ಕಾಣದ ಈ ಬದಲಾವಣೆಯನ್ನು ತೋರಿಸುವುದು ಹೇಗೆ?

ಕೃತಿ ಆರಂಭವಾಗುವುದು ಕಡಲಿನಿಂದಲ್ಲ. ಕಾರಿನ ಹೊಗೆಕೊಳವೆಯಿಂದ ಹೊರಬಿದ್ದ ಇಂಗಾಲದ ಡೈ ಆಕ್ಸೈಡ್ ಅಣುವನ್ನು ನೋಡುಗರು ಹಿಂಬಾಲಿಸುತ್ತಾರೆ, ಅದು ನೀರಿಗೆ ಸೇರುವುದನ್ನು ಕಾಣುತ್ತಾರೆ. ಆಮೇಲೆ ಇಟಲಿಯ ಇಸ್ಕಿಯಾ ದ್ವೀಪದ ಬಳಿ ಕಡಲ ತಳಕ್ಕೆ ಇಳಿಯುತ್ತಾರೆ. ಇಸ್ಕಿಯಾ ಕಲ್ಪಿತ ಸ್ಥಳವಲ್ಲ. ಅಲ್ಲಿಯ ಅರಗೋನೀಸ್ ಕೋಟೆಯ ಸಮೀಪ ಜ್ವಾಲಾಮುಖಿಯ ಪ್ರಭಾವದಿಂದ ಕಡಲ ನೆಲದ ಬಿರುಕುಗಳಲ್ಲಿ ಇಂಗಾಲದ ಡೈ ಆಕ್ಸೈಡ್ ಗುಳ್ಳೆಗಳಾಗಿ ಸದಾ ಹೊಮ್ಮುತ್ತಿರುತ್ತದೆ. ಹೀಗಾಗಿ ಇಡೀ ಕಡಲು ಮುಂದೊಂದು ದಿನ ಹೇಗಾಗಬಹುದೆಂಬುದನ್ನು ನಿಸರ್ಗವೇ ಒಂದು ಮೂಲೆಯಲ್ಲಿ ಮಾಡಿ ತೋರಿಸಿದಂತಿದೆ. ಕಡಲ ಜೀವವಿಜ್ಞಾನಿಗಳು ಈ ತಾಣವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ನೋಡುಗರು ಇಲ್ಲಿ ವಿಜ್ಞಾನಿಗಳ ಕೆಲಸವನ್ನೇ ಕಿರಿದಾಗಿ ಮಾಡುತ್ತಾರೆ: ಆರೋಗ್ಯವಂತ ಭಾಗದಲ್ಲಿ ಇರುವ ಬಸವನಹುಳು ಜಾತಿಯ ಜೀವಿಗಳನ್ನು ಹುಡುಕುತ್ತಾರೆ, ಆಮ್ಲೀಕೃತ ಭಾಗದಲ್ಲಿ ಹುಡುಕಿದರೂ ಸಿಗದಿರುವುದನ್ನು ಕಂಡುಕೊಳ್ಳುತ್ತಾರೆ. ಇಲ್ಲದಿರುವುದನ್ನು ತೋರಿಸುವ ಈ ಉಪಾಯ ಕೃತಿಯ ಅತ್ಯಂತ ಸೂಕ್ಷ್ಮವಾದ ಅಂಶ.

ಇದರ ಪರಿಣಾಮವನ್ನು ಅಳೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ನಾಲ್ಕು ಪ್ರಯೋಗಗಳಲ್ಲಿ ಒಟ್ಟು 270 ಮಂದಿ ಭಾಗವಹಿಸಿದ್ದರು. ತಿಳಿವಳಿಕೆ ಹೆಚ್ಚಿದ್ದು ಸ್ಪಷ್ಟವಾಗಿತ್ತು. ಪರಿಸರದ ಕುರಿತ ಮನೋಭಾವ ಬದಲಾದದ್ದು ಕೆಲವು ಸಂದರ್ಭಗಳಲ್ಲಿ ಮಾತ್ರ. ಅಧ್ಯಯನಕಾರರು ಗಮನಿಸಿದ ಇನ್ನೊಂದು ಸಂಗತಿ ಮುಖ್ಯವಾದುದು. ಆ ಲೋಕದೊಳಗೆ ಹೆಚ್ಚು ಓಡಾಡಿ ಹುಡುಕಿದವರು ಹೆಚ್ಚು ಕಲಿತಿದ್ದರು. ಅಂದರೆ ಫಲಕೊಟ್ಟದ್ದು ಕಣ್ಣೆದುರಿನ ವೈಭವವಲ್ಲ, ಹುಡುಕಾಟ.

ಆದರೆ ಇದೇ ಪ್ರಯೋಗಾಲಯದ ಕೆಲಸಕ್ಕೆ ಲೋಕಪ್ರಸಿದ್ಧಿ ತಂದದ್ದು ಹುಡುಕಾಟವಲ್ಲ, ರೂಪಾಂತರ. ಇದೇ ವಸ್ತುವಿನ ಬೇರೆ ಪಾಠಗಳಲ್ಲಿ ನೋಡುಗರು ತಾವೇ ಗುಲಾಬಿ ಬಣ್ಣದ ಹವಳವಾಗುತ್ತಾರೆ. ತಮ್ಮ ಕೈಗಳ ಜಾಗದಲ್ಲಿ ಕೊಂಬೆಗಳನ್ನು ಕಾಣುತ್ತಾರೆ. ಸುತ್ತಲಿನ ನೀರು ಕೆಡುತ್ತದೆ, ಜೀವಿಗಳು ಕಣ್ಮರೆಯಾಗುತ್ತವೆ, ಕೊನೆಗೆ ತಮ್ಮದೇ ಕೊಂಬೆ ಮುರಿದು ಬೀಳುತ್ತದೆ. ಮತ್ತೊಂದು ಪ್ರಯೋಗದಲ್ಲಿ ಜನ ನಾಲ್ಕು ಕಾಲಿನ ಮೇಲೆ ನಡೆದು ಹಸುವಾದರು. ‘ಬೇರೊಬ್ಬರ ಸ್ಥಾನದಲ್ಲಿ ನಿಲ್ಲುವುದು’ ಎಂಬ ಮಾತು ರೂಪಕವಾಗಿ ಉಳಿಯದೆ ಇಲ್ಲಿ ಯಂತ್ರದ ಗುಣವಾಯಿತು. ಅದೇ ಹೊತ್ತಿಗೆ, 2015ರಲ್ಲಿ, ಚಿತ್ರನಿರ್ದೇಶಕ ಕ್ರಿಸ್ ಮಿಲ್ಕ್ ತಮ್ಮ ಹೆಸರಾಂತ ಭಾಷಣವೊಂದರಲ್ಲಿ ಈ ಮಾಧ್ಯಮವನ್ನು ಸಹಾನುಭೂತಿಯ ಪರಮಯಂತ್ರವೆಂದು ಬಣ್ಣಿಸಿದ್ದರು. ಅಂದಿನಿಂದ ಈ ಬಣ್ಣನೆಯೇ ಒಂದು ಸಿದ್ಧಾಂತದಂತೆ ಮೆರೆಯುತ್ತ ಬಂದಿದೆ.

ಈ ಸಿದ್ಧಾಂತಕ್ಕೆ ಎದುರಾಗುವ ಮೊದಲ ಆಕ್ಷೇಪ ಬಹಳ ಸರಳ. ಹವಳಕ್ಕೆ ಕಣ್ಣಿಲ್ಲ. ಮಿದುಳೂ ಇಲ್ಲ. ಅದು ‘ಒಂದು’ ಜೀವಿಯೂ ಅಲ್ಲ; ಸಾವಿರಾರು ಸೂಕ್ಷ್ಮಜೀವಿಗಳು ಸೇರಿ ಕಟ್ಟಿದ ಸಂಸಾರ. ಹವಳವಾದೆನೆಂದು ತಿಳಿಯುವ ನೋಡುಗರು ಹವಳದ ಆಕಾರದ ಅಂಗಿ ತೊಟ್ಟ ಮನುಷ್ಯರು ಮಾತ್ರ. ತತ್ತ್ವಜ್ಞಾನಿ ಥಾಮಸ್ ನೇಗೆಲ್ 1974ರ ಪ್ರಬಂಧದಲ್ಲಿ ಬಾವಲಿಯನ್ನು ನಿದರ್ಶನವಾಗಿಟ್ಟುಕೊಂಡು ಎತ್ತಿದ್ದು ಇದನ್ನೇ. ತಲೆಕೆಳಗಾಗಿ ನೇತಾಡಿದರೆ, ಕತ್ತಲಲ್ಲಿ ಹಾರಿದರೆ, ಬಾವಲಿಯಂತೆ ವರ್ತಿಸುವ ಮನುಷ್ಯನಿಗೆ ಏನನಿಸೀತೆಂದು ತಿಳಿಯಬಹುದೇ ಹೊರತು ಬಾವಲಿಗೆ ಏನನಿಸುತ್ತದೆಂದು ತಿಳಿಯದು. ಎರಡನೆಯ ಆಕ್ಷೇಪ ಮನೋವಿಜ್ಞಾನಿ ಪಾಲ್ ಬ್ಲೂಮ್ ಅವರದು. 2017ರಲ್ಲಿ ನಿರಾಶ್ರಿತರ ಕುರಿತ ಇಂತಹ ಕೃತಿಗಳನ್ನು ಚರ್ಚಿಸುತ್ತ ಅವರು, ನಿರಾಶ್ರಿತರ ಸಂಕಟವಿರುವುದು ಶಿಬಿರದ ನೋಟದಲ್ಲಲ್ಲ, ಅಲ್ಲಿಂದ ಹೊರಬರಲಾಗದ ಅನಿಶ್ಚಿತತೆಯಲ್ಲಿ ಎಂದು ತೋರಿಸಿದರು. ಬೇಕೆಂದಾಗ ಕಳಚಿಡಬಹುದಾದ ಹೆಡ್‌ಸೆಟ್ ಆ ಒಂದನ್ನು ಮಾತ್ರ ಎಂದೂ ಕೊಡಲಾರದು. ಎರಡೂ ಆಕ್ಷೇಪಗಳು ಬಲವಾದವೇ. ಆದರೂ ಇವು ಕಲೆಯ ಎಲ್ಲ ಬಗೆಗಳಿಗೂ ಅನ್ವಯಿಸುತ್ತವೆ. ನಾಟಕ ನೋಡಿದವರು ಹರಿಶ್ಚಂದ್ರರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಹಾಗಿದ್ದರೆ ನಾಟಕ ನೋಡಿದವರಿಗೆ ಆಗುವುದಾದರೂ ಏನು? ಈ ಪ್ರಶ್ನೆಯನ್ನು ಕೂಲಂಕಷವಾಗಿ ವಿಚಾರಿಸಿದ ಪರಂಪರೆ ರಸಮೀಮಾಂಸೆಯದು.

4

ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಕನ್ನಡ ಓದುಗರಿಗೆ ಸುಪರಿಚಿತವಾದ ಎರಡು ವಿಚಾರಗಳನ್ನು ಇಲ್ಲಿ ನೆನೆಯಬಹುದು. ಮೊದಲನೆಯದು ಶ್ರೀಶಂಕುಕನ ಚಿತ್ರತುರಗ ನ್ಯಾಯ. ಚಿತ್ರದ ಕುದುರೆಯನ್ನು ಕಂಡವನು ‘ಇದು ಕುದುರೆ’ ಎನ್ನುತ್ತಾನೆ. ಅದು ನಿಜಜ್ಞಾನವಲ್ಲ, ಭ್ರಮೆಯಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ. ಇವೆಲ್ಲಕ್ಕಿಂತ ವಿಲಕ್ಷಣವಾದ ಪ್ರತೀತಿ. ಶಂಕುಕನ ಅನುಕರಣವಾದವನ್ನು ಅಭಿನವಗುಪ್ತನು ಒಪ್ಪಲಿಲ್ಲವಾದರೂ ಈ ಉಪಮೆ ಉಳಿದುಕೊಂಡಿತು. ಮಿಥ್ಯಾವಾಸ್ತವದ ಮಹತ್ವಾಕಾಂಕ್ಷೆಯೆಂದರೆ ಚಿತ್ರದ ಕುದುರೆಯ ಮೇಲೆ ಸವಾರಿ ಮಾಡಿಸುವುದು. ಆ ಗಳಿಗೆಯಲ್ಲಿ ವಿಲಕ್ಷಣ ಪ್ರತೀತಿ ಹೋಗಿ ಭ್ರಮೆ ಅದರ ಸ್ಥಾನಕ್ಕೆ ಬರುತ್ತದೆ. ತಂತ್ರಜ್ಞರು ಇದನ್ನು ಗೆಲುವೆಂದು ಎಣಿಸುತ್ತಾರೆ.

ಎರಡನೆಯದು ಅಭಿನವಗುಪ್ತನು ರಸಾನುಭವಕ್ಕೆ ಕೊಡುವ ಪ್ರಸಿದ್ಧ ನಿದರ್ಶನ. ಅದು ಕಾಳಿದಾಸನ ‘ಶಾಕುಂತಲ’ದ ಮೊದಲ ಅಂಕದ್ದು: ರಥದಲ್ಲಿ ಬೆನ್ನಟ್ಟಿ ಬರುವ ದುಷ್ಯಂತನಿಗೆ ಹೆದರಿ, ಮತ್ತೆಮತ್ತೆ ಕೊರಳು ತಿರುಗಿಸಿ ನೋಡುತ್ತ ಓಡುವ ಜಿಂಕೆ. ಬಸವಪ್ಪ ಶಾಸ್ತ್ರಿಗಳ ಕಾಲದಿಂದ ಕನ್ನಡದಲ್ಲಿಯೂ ಈ ದೃಶ್ಯ ಮನೆಮಾತು. ಇಲ್ಲಿ ಸಹೃದಯನ ಅನುಭವಕ್ಕೆ ಬರುವ ಭಯ ‘ನಾನು ಹೆದರಿದೆ’ ಎಂಬುದಲ್ಲ, ‘ಇವನು ಹೆದರಿದ’ ಎಂಬುದೂ ಅಲ್ಲ. ದೇಶಕಾಲಗಳ ಕಟ್ಟಿನಿಂದ ಬಿಡಿಸಿಕೊಂಡ ಭಯವೇ ಅಲ್ಲಿ ಆಸ್ವಾದ್ಯವಾಗುತ್ತದೆ ಎಂಬುದು ಅಭಿನವನ ವಿವರಣೆ. ತನ್ನದೆಂಬ ಭಾವ ಬಂದೊಡನೆ ಅದು ಲೌಕಿಕ ಭಯವಾಗಿ ರಸಕ್ಕೆ ವಿಘ್ನವಾಗುತ್ತದೆ. ಗಮನಿಸಬೇಕಾದದ್ದೆಂದರೆ ರಸಸಿದ್ಧಾಂತದ ಕೇಂದ್ರದಲ್ಲಿರುವ ಈ ನಿದರ್ಶನದಲ್ಲಿ ಭಯಪಡುತ್ತಿರುವುದು ಮನುಷ್ಯನಲ್ಲ, ಒಂದು ಪ್ರಾಣಿ. ಅದರ ಭಯವನ್ನು ಅರಿಯಲು ಪ್ರೇಕ್ಷಕರು ಜಿಂಕೆಯಾಗಬೇಕಿಲ್ಲ.

ಇನ್ನೂ ಒಂದು ಅಂಶವಿದೆ. ಆ ಜಿಂಕೆಯನ್ನು ವರ್ಣಿಸುತ್ತಿರುವವನು ಯಾರು? ಬೇಟೆಗಾರನೇ. ದೃಶ್ಯವನ್ನು ಪ್ರೇಕ್ಷಕರು ಕಾಣುವುದು ರಥದ ಮೇಲಿಂದ, ಹೂಡಿದ ಬಾಣದ ಹಿಂದಿನಿಂದ. ಜಿಂಕೆ ತಿರುಗಿ ನೋಡುವುದು ನೋಡುವವರ ಕಡೆಗೇ. ಅಷ್ಟರಲ್ಲಿ ಆಶ್ರಮದವರು ಅಡ್ಡ ಬಂದು ತಡೆಯುತ್ತಾರೆ. ಅರಸ ಬಾಣವನ್ನು ಹಿಂದೆಗೆದುಕೊಳ್ಳುತ್ತಾನೆ. ಭಯದ ಸೌಂದರ್ಯವೂ ಕರ್ತೃವಿನ ಹೊಣೆಯೂ ಒಂದೇ ದೃಶ್ಯದಲ್ಲಿ ಹೆಣೆದುಕೊಂಡಿವೆ.

ಹವಳವಾಗುವ ಕೃತಿಯ ಕೊರತೆ ಇಲ್ಲಿ ನಿಚ್ಚಳವಾಗುತ್ತದೆ. ಅದು ನೋಡುಗರನ್ನು ರಥದಿಂದ ಇಳಿಸಿ ಜಿಂಕೆಯನ್ನಾಗಿ ಮಾಡುತ್ತದೆ. ಕಾರು ಓಡಿಸುವವರು, ವಿಮಾನ ಹತ್ತುವವರು, ವಿದ್ಯುತ್ತನ್ನು ಲೆಕ್ಕವಿಲ್ಲದೆ ಬಳಸುವವರು ಕೆಲವು ನಿಮಿಷ ಸಂತ್ರಸ್ತರ ಪಾತ್ರ ವಹಿಸುತ್ತಾರೆ. ವಾಯುಗುಣ ಬದಲಾವಣೆಯ ನೈತಿಕ ಜಟಿಲತೆ ಇರುವುದೇ ಮಾಡಿದವರು ಒಂದೆಡೆ, ಉಣ್ಣುವವರು ಇನ್ನೊಂದೆಡೆ, ನಡುವೆ ಸಾವಿರಾರು ಮೈಲಿ ಮತ್ತು ಹಲವು ದಶಕ ಎಂಬ ವಿಷಮ ಸಂಬಂಧದಲ್ಲಿ. ಆ ದೂರವನ್ನು ಅಳಿಸಿಹಾಕುವ ಯಂತ್ರವು ದೂರದ ಜೊತೆಗೆ ಸಂಬಂಧವನ್ನೂ ಅಳಿಸುತ್ತದೆ. ಈ ದೃಷ್ಟಿಯಿಂದ ನೋಡಿದರೆ ಸ್ಟ್ಯಾನ್‌ಫರ್ಡ್ ಕೃತಿಯ ನಿಜವಾದ ಸತ್ತ್ವವಿರುವುದು ಹವಳದಲ್ಲಲ್ಲ, ಆರಂಭದ ಹೊಗೆಕೊಳವೆಯಲ್ಲಿ.

ಎರಡು ಮರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಮಾತು ಮತ್ತಷ್ಟು ಸ್ಪಷ್ಟವಾಗುತ್ತದೆ. ಮಿಲಿಟ್ಸಾ ಜೆಕ್ ಮತ್ತು ವಿನ್ಸ್‌ಲೋ ಪೋರ್ಟರ್ ರಚಿಸಿದ ‘ಟ್ರೀ’ 2017ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶಿತವಾಯಿತು. ನೋಡುಗರ ತೋಳು ಕೊಂಬೆ, ಮೈ ಕಾಂಡ. ಮಣ್ಣೊಳಗಿನ ಬೀಜದಿಂದ ಮೊಳೆತು, ಮಳೆಕಾಡಿನ ಮೇಲಾವರಣವನ್ನೂ ಮೀರಿ ಬೆಳೆದು, ಕೊನೆಗೆ ಬೆಂಕಿಗೆ ಆಹುತಿಯಾಗುವುದು ಕಥೆ. ಮೈಗೆ ಕಂಪನ, ಶಾಖ, ಮೂಗಿಗೆ ಮಣ್ಣಿನ ವಾಸನೆ ಎಲ್ಲವನ್ನೂ ಹೊಂದಿಸಿಕೊಟ್ಟಿದ್ದರು. ಬೆಳೆಯುವ ಭಾಗ ನಿಜಕ್ಕೂ ಸೊಗಸಾಗಿದೆ. ಮರದ ಕಾಲವನ್ನು ಮನುಷ್ಯನ ಕಾಲಕ್ಕೆ ಕುಗ್ಗಿಸಿದರೂ ಎತ್ತರವೆಂಬುದು ನಿಧಾನವಾಗಿ ಗಳಿಸಿದ್ದು ಎಂಬ ಭಾವ ಉಳಿಯುತ್ತದೆ. ಆದರೆ ಬೆಂಕಿ ಬರುವುದು ವಿಧಿಯಂತೆ. ಅದನ್ನು ಹಚ್ಚಿದ ಕೈ, ಆ ಕೈಯ ಹಿಂದಿನ ಮಾರುಕಟ್ಟೆ ಕೃತಿಯೊಳಗೆ ಆಕೃತಿ ಪಡೆಯುವುದಿಲ್ಲ. ಶೋಕ ಉಕ್ಕುತ್ತದೆ, ಆದರೆ ಅದಕ್ಕೆ ಆಲಂಬನವಾಗಿ ದೊರೆಯುವುದು ನೋಡುಗರ ಸ್ವಂತ ಸಾವು ಮಾತ್ರ.

ಇನ್ನೊಂದು ಮರ ಕಲಾಕೃತಿಯೇ ಅಲ್ಲ. ಸನ್ ಜೂ ಆನ್, ಬೈಲೆನ್ಸನ್ ಮತ್ತು ಸಂಗಡಿಗರು ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗವದು. ಭಾಗವಹಿಸಿದವರ ಕೈಗೆ ಯಂತ್ರಗರಗಸದಂತೆ ಅದುರುವ ಹಿಡಿಯೊಂದನ್ನು ಕೊಡಲಾಗಿತ್ತು. ಕಾಡಿನ ನಡುವೆ ನಿಂತ ಮರವನ್ನು ಅವರು ತಾವೇ ಕೊಯ್ಯಬೇಕು, ಅದು ಉರುಳಬೇಕು, ಅನಂತರದ ಮೌನವನ್ನು ಕೇಳಬೇಕು. ಇನ್ನೊಂದು ಗುಂಪಿನವರು ಇದೇ ಸಂಗತಿಯನ್ನು ಓದಿದರು. ಬಳಿಕ ಅವರೆದುರು ಆಕಸ್ಮಿಕವೆಂಬಂತೆ ನೀರು ಚೆಲ್ಲಿ, ಒರೆಸಲು ಯಾರು ಎಷ್ಟು ಕಾಗದದ ಕರವಸ್ತ್ರ ಬಳಸುತ್ತಾರೆಂದು ಎಣಿಸಲಾಯಿತು. ಮರ ಕಡಿದವರು ಓದಿದವರಿಗಿಂತ ಶೇ. 20ರಷ್ಟು ಕಡಿಮೆ ಬಳಸಿದ್ದರು. ಈ ಅಂಕಿಯನ್ನು ವಿಪರೀತ ನೆಚ್ಚಬೇಕಾಗಿಲ್ಲ. ಪ್ರಯೋಗಾಲಯದೊಳಗಿನ ಕಾಗದದ ತುಂಡುಗಳಿಗೂ ಲೋಕದ ಕಾಡುಗಳಿಗೂ ನಡುವಿನ ದಾರಿ ದೀರ್ಘವಾದುದು. ಆದರೆ ಕಲೆಯ ಹಂಬಲವಿಲ್ಲದ ಈ ಪ್ರಯೋಗವು ಕಲಾಕೃತಿಗಳು ತಪ್ಪಿಸಿಕೊಂಡದ್ದನ್ನು ಹಿಡಿಯಿತು. ಇಲ್ಲಿ ನೋಡುಗರು ಮರವಲ್ಲ, ಗರಗಸ ಹಿಡಿದವರು. ಕೈಯಲ್ಲಿ ಉಳಿದ ಅದಿರಾಟ ಸಂತ್ರಸ್ತರದಲ್ಲ, ಕರ್ತೃವಿನದು.

ಸರ್ಕಾರಿ ಕಡತಗಳಲ್ಲಿ ‘ಜಾಗೃತಿ ಮೂಡಿಸುವುದು’ ಎಂಬ ಮಾತು ಎಷ್ಟು ಸವೆದಿದೆಯೆಂದರೆ ಅದಕ್ಕೆ ‘ಅರಿವು’ ಎಂಬ ಪದವನ್ನು ಪರ್ಯಾಯವಾಗಿ ಬಳಸುವಾಗ ಸಂಕೋಚವಾಗಬೇಕು. ಶರಣರ ಪರಿಭಾಷೆಯಲ್ಲಿ ಆಚಾರದಿಂದ ಬೇರ್ಪಟ್ಟ ಅರಿವು ಅರಿವೇ ಅಲ್ಲ. ಹೆಡ್‌ಸೆಟ್ ಕಳಚಿದವರ ಕಣ್ಣಲ್ಲಿ ನೀರಿತ್ತೆಂಬುದನ್ನು ಯಶಸ್ಸಿನ ಪ್ರಮಾಣವಾಗಿ ಮಂಡಿಸುವ ವರದಿಗಳನ್ನು ಓದುವಾಗ ಈ ವ್ಯತ್ಯಾಸ ನೆನಪಾಗುತ್ತದೆ.

5

ಉಳಿಯುವುದು ಕಾಲದ ಪ್ರಶ್ನೆ. ಅಮೆರಿಕದ ಸಾರ್ವಜನಿಕ ದೂರದರ್ಶನದ ಫ್ರಂಟ್‌ಲೈನ್ ಮತ್ತು ನೋವಾ ವಿಭಾಗಗಳು ಎಂಬ್ಲೆಮ್ಯಾಟಿಕ್ ಸಂಸ್ಥೆಯೊಡನೆ 2017ರಲ್ಲಿ ಹೊರತಂದ ‘ಗ್ರೀನ್‌ಲ್ಯಾಂಡ್ ಮೆಲ್ಟಿಂಗ್’ ನೋಡುಗರನ್ನು ಹಿಮನದಿಯ ಅಂಚಿಗೆ ಒಯ್ಯುತ್ತದೆ. ಪೂರ್ತಿ ಕರಗಿದರೆ ಜಗತ್ತಿನ ಕಡಲಮಟ್ಟವನ್ನು 7 ಮೀಟರಿಗೂ ಹೆಚ್ಚು ಏರಿಸಬಲ್ಲ ಹಿಮರಾಶಿ ಅದು. ನಾಸಾದ ವಿಜ್ಞಾನಿಗಳು ಪಕ್ಕದಲ್ಲಿ ನಿಂತವರಂತೆ ವಿವರಿಸುತ್ತಾರೆ. ಹಿಮವನ್ನು ಕರಗಿಸುತ್ತಿರುವುದು ಮೇಲಿನ ಬಿಸಿಗಾಳಿಯೊಂದೇ ಅಲ್ಲ, ಕೆಳಗಿನಿಂದ ಬರುವ ಬೆಚ್ಚಗಿನ ಕಡಲ ನೀರೂ ಹೌದು ಎಂಬ ಶೋಧವನ್ನು ನೀರಿನಡಿಯ ದೃಶ್ಯದಲ್ಲಿ ತೋರಿಸಲಾಗಿದೆ. ಇದು ಭಾವೋದ್ರೇಕದ ಗೋಜಿಗೆ ಹೋಗದ ಕೃತಿ. ಇಲ್ಲಿ ನೋಡುಗರು ಯಾವ ಜೀವಿಯೂ ಆಗುವುದಿಲ್ಲ. ವಿಜ್ಞಾನಿಗಳು ಹೇಗೆ ತಿಳಿದುಕೊಂಡರೆಂಬುದನ್ನು ತಿಳಿಯುತ್ತಾರೆ. ಒಂದರ್ಥದಲ್ಲಿ ಹವಾಮಾನದಿಂದ ವಾಯುಗುಣದ ಕಡೆಗೆ, ಅಂದರೆ ಅನುಭವದಿಂದ ಲೆಕ್ಕದ ಕಡೆಗೆ, ಇದು ಒಂದು ಹೆಜ್ಜೆ ಇಟ್ಟಿದೆ. ಹಲವು ವರ್ಷಗಳ ಹಿಂಜರಿತವನ್ನು ಕೆಲವೇ ಕ್ಷಣಗಳಲ್ಲಿ ತೋರಿಸಬೇಕಾದ ಅನಿವಾರ್ಯತೆಯಿಂದ ಮಾತ್ರ ಇದಕ್ಕೂ ಬಿಡುಗಡೆಯಿಲ್ಲ. ನಿಧಾನವೇ ಇದರ ವಸ್ತು. ವೇಗವೇ ಇದರ ಮಾಧ್ಯಮ.

ಭಾರತದಲ್ಲಿ ಈ ಮಾಧ್ಯಮವನ್ನು ಗಂಭೀರವಾಗಿ ಬಳಸಿದ ಆರಂಭದ ಕೃತಿಗಳಲ್ಲಿ ಒಂದು ಫೈಝಾ ಅಹ್ಮದ್ ಖಾನ್ ಅವರ ‘ಕಾಸ್ಟ್ ಆಫ್ ಕೋಲ್’ (2016). ಮುಂಬಯಿಯ ಮೀಮೆಸಿಸ್ ಕಲ್ಚರ್ ಲ್ಯಾಬ್ ಆರಂಭಿಸಿದ ಎಲ್ಸ್‌ವಿಆರ್ ವೇದಿಕೆಯ ಮೂಲಕ ಇದು ಬಂದಿತು. ‘ಸೂಪರ್‌ಮೆನ್ ಆಫ್ ಮಾಲೆಗಾಂವ್’ ಎಂಬ ಲವಲವಿಕೆಯ ಸಾಕ್ಷ್ಯಚಿತ್ರದಿಂದ ಹೆಸರಾದ ನಿರ್ದೇಶಕಿ ಇಲ್ಲಿ ಛತ್ತೀಸಗಢದ ಕೋರ್ಬಾಕ್ಕೆ ಹೋಗಿದ್ದಾರೆ. ಏಷ್ಯಾದ ಅತಿ ದೊಡ್ಡ ತೆರೆದ ಕಲ್ಲಿದ್ದಲು ಗಣಿಗಳಲ್ಲಿ ಒಂದಾದ ಗೇವ್ರಾ ಇರುವ ಜಿಲ್ಲೆಯಿದು. ಗಣಿ ಹಬ್ಬಿದಂತೆಲ್ಲ ನೆಲ ಕಳೆದುಕೊಳ್ಳುತ್ತ ಬಂದ ಆದಿವಾಸಿಗಳ ಬದುಕು ಇದರ ವಸ್ತು. ವಾಯುಗುಣ ಬದಲಾವಣೆಯೆಂಬ ಮಾತು ಇದರಲ್ಲಿ ಪ್ರಧಾನವಲ್ಲ. ಆದರೆ ಸರಪಳಿಯ ಇನ್ನೊಂದು ತುದಿ, ಅಂದರೆ ಇಂಗಾಲ ನೆಲದಿಂದ ಮೇಲೇಳುವ ಜಾಗ, ಇದೇ. ಹವಳದ ಕೃತಿ ಹೊಗೆಕೊಳವೆಯಿಂದ ಆರಂಭವಾದರೆ ಈ ಕೃತಿ ಅದಕ್ಕೂ ಹಿಂದಕ್ಕೆ, ಇಂಧನ ಅಗೆಯುವ ನೆಲಕ್ಕೆ ಹೋಗುತ್ತದೆ.

ಸುತ್ತಲೂ 360 ಡಿಗ್ರಿ ಹಿಡಿಯುವ ಕ್ಯಾಮೆರಾಕ್ಕೆ ಚೌಕಟ್ಟಿಲ್ಲ. ಸಿನಿಮಾದಲ್ಲಿ ನಿರ್ದೇಶಕರು ಆರಿಸಿಕೊಟ್ಟದ್ದನ್ನು ನೋಡಬೇಕು. ಇಲ್ಲಿ ಮಾತಾಡುತ್ತಿರುವವರಿಗೆ ಬೆನ್ನು ತಿರುಗಿಸಿ ಗಣಿಯನ್ನೂ ನೋಡಬಹುದು, ಗಣಿಗೆ ಬೆನ್ನು ಮಾಡಿ ಮನೆಯನ್ನೂ ನೋಡಬಹುದು. ಎರಡನ್ನೂ ಒಟ್ಟಿಗೆ ನೋಡಲಾಗದು. ಈ ಮಾಧ್ಯಮದ ದೌರ್ಬಲ್ಯವೆಂದು ಸಾಮಾನ್ಯವಾಗಿ ಎಣಿಸುವ ಈ ಗುಣ ಇಲ್ಲಿ ಅರ್ಥಪೂರ್ಣವಾಗಿದೆ. ನೋಡುಗರು ಯಾವುದಕ್ಕೆ ಬೆನ್ನು ಮಾಡಿ ನಿಂತಿದ್ದಾರೆಂಬುದು ಪ್ರತಿ ಕ್ಷಣವೂ ಅವರದೇ ತೀರ್ಮಾನ.

ಇಂತಹ ಕೃತಿಗಳನ್ನು ಯಾರು ನೋಡುತ್ತಾರೆ ಎಂಬ ಪ್ರಶ್ನೆಯನ್ನೂ ಕೇಳದೆ ಬಿಡಲಾಗದು. ಆಸ್ಟ್ರೇಲಿಯಾದ ಲಿನೆಟ್ ವಾಲ್‌ವರ್ತ್ ಅವರ ‘ಕೊಲಿಜನ್ಸ್’ ಎಂಬ ಕೃತಿ 2016ರಲ್ಲಿ ದಾವೋಸ್‌ನ ವಿಶ್ವ ಆರ್ಥಿಕ ಸಮ್ಮೇಳನದಲ್ಲಿ ತೆರೆಕಂಡಿತು. ಮರುಭೂಮಿಯಲ್ಲಿ ಅಣುಬಾಂಬಿನ ಪರೀಕ್ಷೆಯನ್ನು ಕಣ್ಣಾರೆ ಕಂಡ ಮೂಲನಿವಾಸಿ ಹಿರಿಯರ ಕಥೆಯದು. ಅಧಿಕಾರದ ಕೇಂದ್ರದಲ್ಲಿರುವವರಿಗೆ ತೋರಿಸಿದ್ದು ಸರಿಯೇ. ಬಾಣ ಇರುವುದು ಅವರ ಕೈಯಲ್ಲಿಯೇ. ಆದರೆ ಅಂತಹವರಿಗೆ ಬೇಕಾಗಿರುವುದು ಜಿಂಕೆಯಾಗುವ ಅನುಭವವೋ ಅಥವಾ ರಥದಲ್ಲಿರುವವರು ತಾವೆಂಬ ಎಚ್ಚರವೋ ಎಂಬುದನ್ನು ಕೃತಿಯ ಆಕೃತಿಯೇ ನಿರ್ಧರಿಸಬೇಕು. ‘ಕೊಲಿಜನ್ಸ್’ ಈ ವಿಷಯದಲ್ಲಿ ವಿವೇಕ ತೋರಿದೆ. ಅದರಲ್ಲಿ ನೋಡುಗರು ಅತಿಥಿಗಳು, ಹಿರಿಯರು ಆತಿಥೇಯರು. ಯಾರೂ ಯಾರ ಮೈಯೊಳಗೂ ಹೋಗುವುದಿಲ್ಲ.

‘ಕಾಸ್ಟ್ ಆಫ್ ಕೋಲ್’ ಮಾದರಿಯ ಚಿತ್ರಗಳಲ್ಲಿ ಮತ್ತೊಂದು ವಿಲಕ್ಷಣ ಸಂಗತಿಯಿದೆ. ಇವುಗಳ ಒಳಗೆ ಹೊಕ್ಕವರು ಎಡಬಲ, ಹಿಂದುಮುಂದು, ಆಕಾಶ ಎಲ್ಲವನ್ನೂ ಕಾಣುತ್ತಾರೆ. ತಲೆ ತಗ್ಗಿಸಿ ನೋಡಿದರೆ ಮಾತ್ರ ಅಲ್ಲಿ ತಮ್ಮ ಕಾಲುಗಳಿರುವುದಿಲ್ಲ. ಕ್ಯಾಮೆರಾ ನಿಲ್ಲಿಸಿದ ನೆಲವಷ್ಟೇ ಇರುತ್ತದೆ. ಹವಳವಾಗಿ, ಮರವಾಗಿ ಮೈ ಕೊಡುವ ಕೃತಿಗಳು ಈ ಶೂನ್ಯವನ್ನು ತುಂಬಲು ಹೊರಟವು. ಖಾಲಿ ಬಿಟ್ಟ ಕೃತಿಯಲ್ಲಿ ಅದು ಇನ್ನೊಂದು ಅರ್ಥವನ್ನು ಪಡೆಯುತ್ತದೆ. ಭಾರತದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಶೇ. 70ಕ್ಕೂ ಹೆಚ್ಚು ಪಾಲು ಕಲ್ಲಿದ್ದಲಿನದು. ಆ ಹೆಡ್‌ಸೆಟ್‌ಗೆ, ಆ ಕೋಣೆಯ ದೀಪಕ್ಕೆ, ಆ ಗಾಳಿಯಂತ್ರಕ್ಕೆ ವಿದ್ಯುತ್ತು ಬರುವುದು ಬಹುಮಟ್ಟಿಗೆ ಇಂತಹದೇ ನೆಲದಿಂದ. ಕೋರ್ಬಾದ ಧೂಳಿನ ನಡುವೆ ಎಲ್ಲ ದಿಕ್ಕಿಗೂ ಕಣ್ಣಾಡಿಸುತ್ತ, ಆದರೆ ಆ ಚಿತ್ರದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳದೆ ನಿಂತಿರುವವರು ಯಾರೆಂಬುದನ್ನು ಆ ಚಿತ್ರ ಹೇಳುವುದಿಲ್ಲ.